ಚಿಕ್ಕಜ್ಜನ ಮಡಚುವ ಚಾಕು: ನಕ್ಷತ್ರ, ಶಿಲುಬೆ ಗುರುತು ಇದೆ. ಯಾವ ಕಾಲದ್ದು, ಯಾತಕ್ಕೆ ಬಳಸೋದು?

ಮಲ್ನಾಡ್ ಮಗಳು (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ಹಳೇ ಚಾಕುಗಳ ಬಗ್ಗೆ ಗೊತ್ತಿರುವವರು ಸ್ವಲ್ಪ ನೋಡಿ ಹೇಳಿ.

ನಮ್ಮ ಚಿಕ್ಕಜ್ಜ, ಅಂದರೆ ಅಜ್ಜನ ತಮ್ಮ, ಹೋದ ವರ್ಷ ತೀರಿಕೊಂಡರು. ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯೋ ಗುಮಾಸ್ತ ಆಗಿದ್ದವರು. ಮಕ್ಕಳಿರಲಿಲ್ಲ, ಹಾಗಾಗಿ ಅವರ ಟ್ರಂಕ್ ನನ್ನ ಪಾಲಿಗೆ ಬಂತು. ಅದರಲ್ಲಿ ಹಳೇ ಚೆಕ್‌ರೋಲ್ (ಕೂಲಿಯವರ ಹಾಜರಿ) ಪುಸ್ತಕ, ಮಳೆ ಲೆಕ್ಕ ಬರೆದ ನೋಟ್‌ಬುಕ್, ಒಂದು ಕನ್ನಡಕ, ಮತ್ತೆ ಚರ್ಮದ ಚೀಲದೊಳಗೆ ಈ ಚಾಕು ಇತ್ತು. ಫೋಟೋ ಹಾಕಿದ್ದೇನೆ.

ಮಡಚಿದಾಗ ಸುಮಾರು ನಾಲ್ಕು ಇಂಚು. ಒಂದೇ ಅಲಗು. ನೇರವಾಗಿದೆ, ತುದಿ ಮಾತ್ರ ಸ್ವಲ್ಪ ದುಂಡಗೆ ಮೇಲಕ್ಕೆ ಹೋಗಿದೆ. ಹಿಡಿ ಕಂದು ಬಣ್ಣ, ಮೇಲೆ ಗೀರು ಗೀರು, ಕೊಂಬಿನ ಹಾಗೆ ಕಾಣುತ್ತೆ. ನನಗೆ ಅರ್ಥ ಆಗದೇ ಇರೋದು ಹಿಡಿಯ ಇನ್ನೊಂದು ತುದಿ. ಅಲ್ಲಿ ಬೆಳ್ಳಗೆ, ಚಪ್ಪಟೆಯಾಗಿ, ನುಣ್ಣಗಿರೋ ಒಂದು ನಾಲಿಗೆ ಇದೆ. ಅದು ಮಡಚೋದಿಲ್ಲ, ಹರಿತವೂ ಇಲ್ಲ.

ಅಲಗಿನ ಬುಡದಲ್ಲಿ ಒಂದು ನಕ್ಷತ್ರ, ಪಕ್ಕದಲ್ಲಿ ಶಿಲುಬೆ. ಕೆಳಗೆ ಇಂಗ್ಲಿಷ್ ಅಕ್ಷರ, ಅರ್ಧ ಸವೆದಿದೆ. ಒಂದು ಸಾಲಿನ ಕೊನೆಯಲ್ಲಿ ‘ಜರ್ಸ್’, ಇನ್ನೊಂದರ ಕೊನೆಯಲ್ಲಿ ‘ಜೆಸ್ಟಿ’ ಅಂತ ಓದಬಹುದು ಅಷ್ಟೆ.

ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ಕಥೆ. ತೋಟದ ದೊರೆ ಇಂಗ್ಲೆಂಡಿಗೆ ಹೊರಟಾಗ ಕೊಟ್ಟದ್ದು ಅಂತ ಅಪ್ಪ. ದೊರೆ ಹೊಡೆದ ಹುಲಿಯ ಚರ್ಮ ಸುಲಿದದ್ದು ಇದರಲ್ಲೇ ಅಂತ ಮಾವ. ನೂರೈವತ್ತು ವರ್ಷಕ್ಕೆ ಕಮ್ಮಿ ಇಲ್ಲ ಅಂತ ದೊಡ್ಡಪ್ಪ. ಯಾವುದು ನಿಜ? ಇನ್ನೊಂದು, ಅಲಗಿನ ಮೇಲೆ ಕಪ್ಪು ಕಲೆ, ಅಲ್ಲಲ್ಲಿ ತುಕ್ಕು ಇದೆ. ಸಂತೇಲಿ ಸಾಣೆ ಹಿಡಿಯೋರ ಹತ್ತಿರ ಕೊಟ್ಟರೆ ಹೊಳಪು ಬರುತ್ತಾ?

ಅರಸೀಕೆರೆ ತೆಂಗು

ಟಿಪ್ಪು ಕಟ್ಟಿಸಿದ ಮಂಜ್ರಾಬಾದ್ ಕೋಟೆ ಅಷ್ಟು ಹತ್ರ ಇಟ್ಕೊಂಡು ಅವನ ಹೆಸರು ಯಾರೂ ಎತ್ತಲಿಲ್ವಾ ನಿಮ್ಮನೇಲಿ? ಆಶ್ಚರ್ಯ 😄 ಕೋಟೆನೂ ನಕ್ಷತ್ರದ ಆಕಾರ, ಚಾಕುನಲ್ಲೂ ನಕ್ಷತ್ರ. ಲಕ್ಷ ಲಕ್ಷ ಬಾಳುತ್ತೆ ಮೇಡಂ, ಬಿಡಬೇಡಿ.

ಹಳೇ ಕಬ್ಬಿಣ (ಚಿಕ್ಕಮಗಳೂರು)

ಮೊದಲನೇ ಮಾತು: ಸಾಣೆಗೆ ಕೊಡಬೇಡಿ. ದಯವಿಟ್ಟು. ಬೀದೀಲಿ ಚಕ್ರ ತಿರುಗಿಸಿ ಸಾಣೆ ಹಿಡಿಯೋರು ಮಚ್ಚು, ಕತ್ತರಿಗೆ ಸರಿ. ಇಂಥ ತೆಳು ಅಲಗನ್ನ ಆ ಕಲ್ಲಿಗೆ ಹಿಡಿದರೆ ಬಿಸಿಯಾಗಿ ಉಕ್ಕಿನ ಹದವೇ ಹೋಗುತ್ತೆ. ಜೊತೆಗೆ ಬುಡದ ಅಕ್ಷರಗಳೂ ಅಳಿಸಿಹೋಗುತ್ತವೆ. ನಿಮ್ಮ ಚಾಕುವಿನ ಜಾತಕ ಇರೋದೇ ಆ ಅಕ್ಷರಗಳಲ್ಲಿ.

ನಕ್ಷತ್ರ ಮತ್ತು ಶಿಲುಬೆ ಅಂದ ಕೂಡಲೇ ಪಾದ್ರಿಗಳದ್ದು ಅಂದುಕೊಳ್ಳಬೇಡಿ. ಆ ಶಿಲುಬೆಯ ನಾಲ್ಕು ತೋಳೂ ಹೊರಗೆ ಅಗಲವಾಗಿ ಸೀಳಿದ ಹಾಗಿದ್ದರೆ ಅದು ಮಾಲ್ಟೀಸ್ ಶಿಲುಬೆ. ನಕ್ಷತ್ರ, ಮಾಲ್ಟೀಸ್ ಶಿಲುಬೆ ಎರಡೂ ಸೇರಿದರೆ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್ ಕಂಪನಿಯ ಗುರುತು. ನಿಮ್ಮ ‘ಜರ್ಸ್’ ಅದೇ ರಾಡ್ಜರ್ಸ್‌ನ ಬಾಲ. ‘ಜೆಸ್ಟಿ’ ಅನ್ನೋದು ಮೆಜೆಸ್ಟಿ. ರಾಜಮನೆತನಕ್ಕೆ ಚಾಕು ಒದಗಿಸುವವರು ಅಂತ ಅವರು ಅಲಗಿನ ಮೇಲೆ ಹೊಡೆಸಿಕೊಳ್ತಿದ್ದರು.

ಶೆಫೀಲ್ಡ್‌ನಲ್ಲಿ ಇವರದ್ದು ದೊಡ್ಡ ಹೆಸರು. ತಮ್ಮ ಶುರುವಿನ ವರ್ಷ 1682 ಅಂತ ಹೇಳಿಕೊಳ್ತಿದ್ದರು. ತಮ್ಮ ಕೈಚಳಕ ತೋರಿಸೋಕೆ 1822ರಲ್ಲಿ 1822 ಅಲಗುಗಳಿರೋ ಒಂದು ಚಾಕು ಮಾಡಿದ್ದರು, ವರ್ಷಕ್ಕೊಂದು ಅಲಗು ಲೆಕ್ಕದಲ್ಲಿ. ಅದನ್ನ ಯಾರ ಜೇಬಿನಲ್ಲಿ ಇಡೋದು ಅಂತ ಕೇಳಬೇಡಿ.

ಈಗ ನೀವು ಮಾಡಬೇಕಾದದ್ದು ಇಷ್ಟು. ಟಾಲ್ಕಂ ಪೌಡರ್ ಚಿಟಿಕೆ ತಗೊಂಡು ಅಕ್ಷರಗಳ ಮೇಲೆ ಬೆರಳಿನಲ್ಲಿ ತಿಕ್ಕಿ. ಮೇಲಿನದ್ದನ್ನ ಒರೆಸಿ. ಗುಂಡಿಯಲ್ಲಿ ಪೌಡರ್ ಉಳಿಯುತ್ತೆ. ಆಮೇಲೆ ಕೋಣೆ ಕತ್ತಲೆ ಮಾಡಿ, ಟಾರ್ಚ್ ಮೇಲಿಂದ ಬಿಡದೆ ಪಕ್ಕದಿಂದ, ಅಲಗಿಗೆ ತಾಗಿದ ಹಾಗೆ ಬಿಡಿ. ಸವೆದ ಅಕ್ಷರ ಎದ್ದು ಕಾಣುತ್ತೆ. ರಂಗೋಲಿ ಪುಡಿ ಮಾತ್ರ ಬೇಡ, ಅದು ಕಲ್ಲಿನ ಪುಡಿ, ಗೀರು ಬೀಳುತ್ತೆ.

ನೋಡಬೇಕಾದದ್ದು ಮೂರು. ಮೆಜೆಸ್ಟಿಗೆ ಮುಂಚೆ ಇರೋದು ‘ಹಿಸ್’ ಅಂತಲೋ ‘ಹರ್’ ಅಂತಲೋ. ಮೇಲೆ ಕಿರೀಟದ ಆಚೀಚೆ ಯಾವ ಅಕ್ಷರ ಇದೆ. ಮತ್ತೆ ರಾಡ್ಜರ್ಸ್ ಕಾಗುಣಿತದಲ್ಲಿ ‘ಡಿ’ ಅಕ್ಷರ ಇದೆಯಾ ಇಲ್ವಾ. ಈ ಕಂಪನಿಯ ಹೆಸರನ್ನ ನಕಲು ಮಾಡಿದೋರು ಬಹಳ ಜನ. ಒಂದಕ್ಷರ ಆಚೀಚೆ ಮಾಡಿ ಮಾರುತ್ತಿದ್ದರು.

ಮೂಡಿಗೆರೆ ಮೆಣಸು

ಕಬ್ಬಿಣದಣ್ಣ ಕಂಪನಿ ಹಿಡಿದರು, ನಾನು ಕೆಲಸ ಹಿಡಿದೆ. ಮೇಡಂ, ಆ ಬಿಳಿ ನಾಲಿಗೆ ನೋಡಿದ ಕೂಡಲೇ ಗೊತ್ತಾಯ್ತು. ಇದು ಕಣ್ಣು ಕಸಿ ಮಾಡೋ ಚಾಕು, ಅಂದರೆ ಒಂದು ಗಿಡದ ಚಿಗುರೊಡೆಯೋ ಕಣ್ಣನ್ನ ಇನ್ನೊಂದು ಗಿಡಕ್ಕೆ ಕೂರಿಸೋಕೆ. ನಮ್ಮದು ನರ್ಸರಿ, ದಿನಾ ಇದೇ ಕೆಲಸ. ಈಗ ನಮ್ಮ ಹುಡುಗರು ಬಳಸೋದು ಪ್ಲಾಸ್ಟಿಕ್ ನಾಲಿಗೆಯದ್ದು. ಆಕಾರ ಮಾತ್ರ ಅದೇ.

ಗೊತ್ತಿಲ್ಲದೋರಿಗೆ ಹೇಳ್ತೀನಿ. ಗುಲಾಬಿಗೋ ಕಿತ್ತಳೆಗೋ ಕಣ್ಣು ಕಸಿ ಮಾಡುವಾಗ ಬುಡದ ಗಿಡದ (ಬೇರಿಗೆ ಅಂತ ಬೆಳೆಸಿದ ಗಿಡ) ತೊಗಟೆ ಮೇಲೆ ಇಂಗ್ಲಿಷ್ ‘ಟಿ’ ಆಕಾರದಲ್ಲಿ ಸೀಳಬೇಕು. ಅಡ್ಡ ಒಂದು, ಉದ್ದ ಒಂದು. ತೊಗಟೆ ಮಾತ್ರ ಸೀಳಬೇಕು, ಒಳಗಿನ ಕಟ್ಟಿಗೆಗೆ ಅಲಗು ಇಳಿಯಬಾರದು. ಆಮೇಲೆ ಚಾಕು ತಿರುಗಿಸಿ ಈ ನಾಲಿಗೆಯಿಂದ ತೊಗಟೆಯ ಎರಡೂ ಅಂಚು ಮೆಲ್ಲಗೆ ಎಬ್ಬಿಸಬೇಕು. ಒಳಗೆ ಜಿಗುಟು ಜಿಗುಟಾಗಿ, ಒದ್ದೆಯಾಗಿ ಒಂದು ಪದರ ಕಾಣುತ್ತೆ. ಗಿಡದ ಜೀವ ಇರೋದೇ ಅಲ್ಲಿ. ಬೇಕಾದ ತಳಿಯ ಕಡ್ಡಿಯಿಂದ ಒಂದು ಕಣ್ಣನ್ನ ಸ್ವಲ್ಪ ತೊಗಟೆ ಸಮೇತ ಗುರಾಣಿ ಆಕಾರದಲ್ಲಿ ತೆಗೆದು, ಆ ಸೀಳಿನೊಳಗೆ ಮೇಲಿಂದ ಕೆಳಕ್ಕೆ ಜಾರಿಸಬೇಕು. ಕಣ್ಣು ಮಾತ್ರ ಹೊರಗೆ ಉಳಿಸಿ ಸುತ್ತ ಕಟ್ಟಬೇಕು. ಈಗ ಪಾಲಿಥೀನ್ ಪಟ್ಟಿ, ಆಗೆಲ್ಲ ಬಾಳೆ ನಾರು.

ಕಬ್ಬಿಣದ ತುದಿಯಿಂದ ಎಬ್ಬಿಸಿದರೆ ಆ ಪದರ ಗೀರಿ ಹೋಗುತ್ತೆ, ಕಣ್ಣು ಹಿಡಿಯೋದಿಲ್ಲ. ಅದಕ್ಕೇ ಮೂಳೆಯ ನಾಲಿಗೆ. ಅಲಗಿನ ತುದಿ ದುಂಡಗೆ ಇರೋದೂ ಅದೇ ಕೆಲಸಕ್ಕೆ, ಆಳಕ್ಕೆ ಚುಚ್ಚಬಾರದು ಅಂತ.

ಇನ್ನು ನಿಮ್ಮ ಮಾವನವರ ಹುಲಿ. ಈ ಅಲಗಿನಲ್ಲಿ ಹುಲಿ ಚರ್ಮ ಸುಲಿಯೋಕೆ ಕೂತರೆ ಮುಗಿಯೋ ಹೊತ್ತಿಗೆ ಇನ್ನೊಂದು ಹುಲಿ ಬಂದಿರುತ್ತೆ.

ಮಲ್ನಾಡ್ ಮಗಳು

😂 ಮಾವನಿಗೆ ಓದಿ ಹೇಳಿದೆ. ‘ಅವರಿಗೇನು ಗೊತ್ತು’ ಅಂದರು.

ಆದರೆ ಒಂದು ಅನುಮಾನ. ಚಿಕ್ಕಜ್ಜ ಇದ್ದದ್ದು ಕಾಫಿ ತೋಟದಲ್ಲಿ. ಕಾಫಿಗೆ ಕಸಿ ಮಾಡ್ತಾರಲ್ಲ, ಅದಕ್ಕೆ ಇರಬಹುದಾ?

ಮೂಡಿಗೆರೆ ಮೆಣಸು

ತೋಟದಲ್ಲಿ ನಾವು ಗಿಡಗಸಿ, ಮರಗಸಿ ಅನ್ನೋದು ರೆಂಬೆ ಸವರೋದಕ್ಕೆ. ಬೇಡದ ಕವಲು ತೆಗೆಯೋದು, ನೆರಳು ಬಿಡಿಸೋದು. ಅದಕ್ಕೆ ಬೇಕಾದ್ದು ಕತ್ತರಿ, ಮಚ್ಚು, ಇಲ್ಲಾ ಗಿಳಿ ಕೊಕ್ಕಿನ ಹಾಗೆ ಒಳಕ್ಕೆ ಬಾಗಿದ ಕತ್ತಿ. ಶೆಫೀಲ್ಡ್‌ನೋರು ಆ ಕೊಕ್ಕಿನ ಚಾಕುವನ್ನೂ ಮಾಡ್ತಿದ್ದರು, ಹಳೇ ಬಂಗಲೆಗಳಲ್ಲಿ ಈಗಲೂ ಸಿಗುತ್ತವೆ. ನಿಮ್ಮದು ಅದಲ್ಲ.

ಅರೇಬಿಕಾ ಜಾತಿಯ ಕಾಫಿ ನಮ್ಮಲ್ಲಿ ಬೀಜದಿಂದಲೇ ಬರೋದು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾಯ್ತು. ಅವರು ಕೊಟ್ಟ ಎಸ್. 795 ತಳಿಯೂ ಬೀಜದ ಸಸಿಯಾಗೇ ತೋಟ ತೋಟ ಸೇರಿತು. ಕಾಫಿಗೆ ಕಸಿ ಕಟ್ಟೋದಿದ್ದರೂ ಸಾಮಾನ್ಯವಾಗಿ ಬೆಣೆ ಕಸಿ, ಅಂದರೆ ಕಡ್ಡಿಯನ್ನ ಬೆಣೆ ಹಾಗೆ ಚೂಪು ಮಾಡಿ ಸೀಳಿದ ಬುಡಕ್ಕೆ ಕೂರಿಸೋದು. ಅದಕ್ಕೆ ಈ ನಾಲಿಗೆ ಬೇಡ.

ಹಾಗಾಗಿ ಕೇಳಿ ನೋಡಿ, ಚಿಕ್ಕಜ್ಜನಿಗೆ ಕಿತ್ತಳೆ ಹುಚ್ಚು ಇತ್ತಾ? ಇಲ್ಲಾ ಬಂಗಲೆ ಮುಂದೆ ಗುಲಾಬಿ ಇತ್ತಾ? ದೊರೆಸಾನಿಯರ ಗುಲಾಬಿ ತೋಟದ ಜವಾಬ್ದಾರಿ ಎಷ್ಟೋ ಕಡೆ ರೈಟರ್ ತಲೆಗೇ ಬರ್ತಿತ್ತು. ಸಂಬಳ ಮಾತ್ರ ಚೆಕ್‌ರೋಲ್ ಬರೆಯೋದಕ್ಕೆ ಅಷ್ಟೇ.

ಹಾಸನದ ಕೋರ್ಟ್ ರಸ್ತೆ

ಎಲ್ಲಾ ಸರಿ, ಆದರೆ ಯಾರೂ ಮುಖ್ಯವಾದದ್ದು ಕೇಳಲಿಲ್ಲ. ಆ ಬಿಳಿ ನಾಲಿಗೆ ಮೂಳೆಯೋ, ಆನೆ ದಂತವೋ? ಹಿಡಿ ಕಡವೆ ಕೊಂಬೋ, ಬೇರೆಯೋ?

2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪದಕ ಹಾಕಿಕೊಂಡೋರ ಮೇಲೆ ಕೇಸು ಬಿದ್ದು ಗಲಾಟೆ ಆದಾಗ ನಮ್ಮ ಜಿಲ್ಲೆಯ ಎಷ್ಟು ಮನೆಗಳಲ್ಲಿ ನಿದ್ದೆ ಕೆಟ್ಟಿತ್ತು ಅಂತ ನೆನಪಿದೆ ಅಲ್ವಾ. ‘ತಾತನ ಕಾಲದ್ದು’ ಅಂದರೆ ಬಿಟ್ಟುಬಿಡ್ತಾರೆ ಅಂತೇನಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ದಂತವನ್ನ ಮಾರೋಕೂ ಆಗಲ್ಲ, ಕೊಳ್ಳೋಕೂ ಆಗಲ್ಲ, ಮಾಲೀಕತ್ವದ ದಾಖಲೆ ಇಲ್ಲದೆ ಇಟ್ಟುಕೊಳ್ಳೋಕೂ ಆಗಲ್ಲ. ಅದು ಏನು ಅಂತ ಖಾತ್ರಿ ಆಗೋವರೆಗೆ ಇಲ್ಲಿ ಹಾಕಿದ ಫೋಟೋ ಅಳಿಸಿಬಿಡಿ ಅಂತ ನನ್ನ ಸಲಹೆ. ಬೆಲೆ ಮಾತಂತೂ ಇಲ್ಲಿ ಎತ್ತಲೇಬೇಡಿ. ಅರಸೀಕೆರೆಯೋರೇ, ನಿಮಗೇ ಹೇಳ್ತಿರೋದು.

ಅರಸೀಕೆರೆ ತೆಂಗು

ಸುಮ್ನೆ ತಮಾಷೆಗೆ ಹೇಳಿದ್ದು ಸಾರ್. ಬಾಯಿ ಮುಚ್ಚಿಕೊಂಡೆ.

ಮಲ್ನಾಡ್ ಮಗಳು

ಅಯ್ಯೋ, ಈಗ ನನಗೆ ಹೆದರಿಕೆ ಆಗ್ತಿದೆ. ಫೋಟೋ ಅಳಿಸಿದ್ದೇನೆ. ದಂತವೋ ಮೂಳೆಯೋ ಮನೆಯಲ್ಲೇ ನೋಡೋದು ಹೇಗೆ? ಬಿಸಿ ಸೂಜಿ ಚುಚ್ಚಿ ನೋಡು ಅಂತ ತಮ್ಮ ಹೇಳ್ತಾನೆ.

ಹಳೇ ಕಬ್ಬಿಣ (ಚಿಕ್ಕಮಗಳೂರು)

ಸೂಜಿ ಬೇಡ. ಪ್ಲಾಸ್ಟಿಕ್ಕಾ ಅಂತ ತಿಳಿಯೋಕೆ ಆ ಪರೀಕ್ಷೆ ಮಾಡ್ತಾರೆ, ಕಲೆ ಉಳಿಯುತ್ತೆ. ಹಳೇ ಸೆಲ್ಯುಲಾಯ್ಡ್ ಆಗಿದ್ದರೆ ಭಗ್ಗನೆ ಹತ್ತಿಕೊಳ್ಳುತ್ತೆ ಬೇರೆ.

ಒಂದು ಭೂತಗನ್ನಡಿ ಸಾಕು. ಓದೋಕೆ ಬಳಸೋದಾದರೂ ಆದೀತು. ಹಗಲು ಬೆಳಕಿನಲ್ಲಿ ನಾಲಿಗೆಯ ಚಪ್ಪಟೆ ಭಾಗ ನೋಡಿ. ಮೂಳೆ ಆಗಿದ್ದರೆ ಕಪ್ಪು ಕಪ್ಪು ಸಣ್ಣ ಚುಕ್ಕಿ, ಇಲ್ಲಾ ಕೂದಲಿನಷ್ಟು ತೆಳ್ಳಗಿನ ಗೆರೆ ತುಂಡು ತುಂಡಾಗಿ ಕಾಣುತ್ತವೆ. ಜೀವ ಇದ್ದಾಗ ರಕ್ತ ಹರಿದ ಸಣ್ಣ ನಾಳಗಳು ಅವು. ಕೊಳೆ ತುಂಬಿ ಕಪ್ಪಾಗಿರುತ್ತವೆ. ದಂತದಲ್ಲಿ ಈ ಚುಕ್ಕಿ ಇರೋದಿಲ್ಲ. ಅದರ ಕೊಯ್ದ ತುದಿಯನ್ನ ನೋಡಿದರೆ ಒಂದಕ್ಕೊಂದು ಅಡ್ಡ ಹಾಯ್ದ ಸೂಕ್ಷ್ಮ ಕಮಾನು ಗೆರೆಗಳು ಕಾಣಬೇಕು.

ಹಿಡಿಯ ವಿಷಯ. ಶೆಫೀಲ್ಡ್‌ಗೆ ಕೊಂಬು ಹೋಗ್ತಿದ್ದದ್ದೇ ನಮ್ಮ ದೇಶದಿಂದ. ನಮ್ಮ ಕಾಡಿನ ಕಡವೆ ಉದುರಿಸಿದ ಕೊಂಬು ಹಡಗು ಹತ್ತಿ ಹೋಗಿ, ಚಾಕುವಿನ ಹಿಡಿಯಾಗಿ ವಾಪಸ್ ಬರ್ತಿತ್ತು. ದುಬಾರಿ ಚಾಕುಗಳಿಗೆ ಅದು. ಕಡಿಮೆ ಬೆಲೆಯದ್ದಕ್ಕೆ ದನದ ಮೂಳೆಗೇ ಕೊಂಬಿನ ಹಾಗೆ ಗೀರು ಕೊರೆದು, ಕಂದು ಬಣ್ಣ ಕುಡಿಸಿ ಹಾಕ್ತಿದ್ದರು. ಪತ್ತೆ ಮಾಡೋದು ಸುಲಭ. ಎರಡೂ ಬದಿ ಪಕ್ಕ ಪಕ್ಕ ಫೋಟೋ ತೆಗೆದು ನೋಡಿ. ಗೀರುಗಳು ಒಂದೇ ಅಳತೆ, ಒಂದೇ ಓರೆಯಲ್ಲಿ ಮತ್ತೆ ಮತ್ತೆ ಬಂದಿದ್ದರೆ ಉಳಿ ಕೊರೆದ ಮೂಳೆ. ನಿಜವಾದ ಕೊಂಬಿನ ಗೀರು ಮರದ ತೊಗಟೆ ಥರ, ಒಂದರ ಹಾಗೆ ಇನ್ನೊಂದು ಇರೋದಿಲ್ಲ. ಗೀರಿನ ತಳದಲ್ಲಿ ಬಣ್ಣ ಗಾಢ ಇದ್ದು, ಕೈ ತಾಗುವ ಉಬ್ಬಿನ ಮೇಲೆ ಬಿಳಿಚಿಕೊಂಡಿದ್ದರೆ ಅದೂ ಬಣ್ಣ ಹಾಕಿದ ಮೂಳೆಯ ಲಕ್ಷಣ.

ಬೇಲೂರು ಫೌಜಿ

ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಮ್ಮ ತಾತ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಹೋಗಿದ್ದರು. ಅವರದ್ದೂ ಒಂದು ಮಡಚುವ ಚಾಕು ಇದೆ. ಕಪ್ಪು ಹಿಡಿ, ಚೌಕುಳಿ ಚೌಕುಳಿ ಗೆರೆ. ಒಂದು ಅಲಗು, ಒಂದು ಡಬ್ಬಿ ತೆಗೆಯೋದು, ಹಿಂದೆ ಒಂದು ದಪ್ಪ ಮೊಳೆ ಥರ. ಒಂದು ಬಾಣದ ಗುರುತು, ಪಕ್ಕದಲ್ಲಿ ಇಸವಿ 1944. ನೇತುಹಾಕೋಕೆ ಕೊಂಡಿ ಕೂಡ ಇದೆ. ಇದೂ ಅದೇ ಕಂಪನಿಯಾ?

ಹಳೇ ಕಬ್ಬಿಣ (ಚಿಕ್ಕಮಗಳೂರು)

ಫೌಜಿಯವರೇ, ನಿಮ್ಮದು ಸುಲಭದ ಪ್ರಶ್ನೆ. ಬ್ರಿಟಿಷ್ ಸೈನ್ಯದ ಮಡಚುವ ಚಾಕು, ಅದೇ ಮಾದರಿ. ಅಗಲ ತಲೆಯ ಆ ಬಾಣ ಸರ್ಕಾರಿ ಸ್ವತ್ತು ಅನ್ನೋ ಗುರುತು. ಆ ಮೊಳೆ ಹಗ್ಗದ ಗಂಟು ಬಿಚ್ಚೋಕೆ, ಎಳೆ ಬಿಡಿಸೋಕೆ. ಇವನ್ನ ಎಷ್ಟೋ ಕಂಪನಿಗಳು ಮಾಡಿವೆ. ಅಲಗಿನ ಬುಡದಲ್ಲಿ ಹೆಸರು ಇದ್ದರೆ ಯಾರದ್ದು ಅಂತ ಗೊತ್ತಾಗುತ್ತೆ. ಇಸವಿ ಅಲ್ಲೇ ಹೊಡೆದಿರೋದರಿಂದ ಕಾಲದ ಚರ್ಚೆಯೇ ಬೇಡ. ತಾತನ ಸೇವಾ ಪುಸ್ತಕ ಇದ್ದರೆ ಜೊತೆಯಲ್ಲೇ ಇಡಿ.

ಕಡೂರು ಮೇಷ್ಟ್ರು

ನೂರೈವತ್ತು ವರ್ಷದ ಮಾತಿಗೆ ನನ್ನದೊಂದು ಲೆಕ್ಕ. ರಾಜನಾ ರಾಣಿಯಾ ಅಂತ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901. ಆಗಿನದ್ದಾದರೆ ‘ಹರ್ ಮೆಜೆಸ್ಟಿ’ ಇರಬೇಕು, ಕಿರೀಟದ ಪಕ್ಕ ‘ವಿ’ ಮತ್ತು ‘ಆರ್’ (ಮೊದಲನೇದು ಹೆಸರಿನ ಅಕ್ಷರ, ‘ಆರ್’ ಅಂದರೆ ಲ್ಯಾಟಿನ್‌ನಲ್ಲಿ ರಾಜ ಇಲ್ಲಾ ರಾಣಿ). 1901ರಿಂದ 1910 ಏಳನೇ ಎಡ್ವರ್ಡ್, ‘ಇ’ ಮತ್ತು ‘ಆರ್’. 1910ರಿಂದ 1936 ಐದನೇ ಜಾರ್ಜ್, ಆಮೇಲೆ 1936ರ ಕೊನೆಯಿಂದ 1952ರ ಫೆಬ್ರವರಿವರೆಗೆ ಆರನೇ ಜಾರ್ಜ್. ಇಬ್ಬರಿಗೂ ‘ಜಿ’ ಮತ್ತು ‘ಆರ್’. ಅದಾದ ಮೇಲೆ ಎಲಿಜಬೆತ್, ಮತ್ತೆ ‘ಹರ್’.

ನಿಮ್ಮ ದೊಡ್ಡಪ್ಪ ಹೇಳೋದು ನಿಜವಾಗಬೇಕಾದರೆ ‘ವಿ’ ಕಾಣಬೇಕು. ಪೌಡರ್ ಹಾಕಿ ನೋಡಿದಿರಾ?

ತುಕ್ಕು ಇದೆ ಅಂದಿರಲ್ಲ, ಅದರಿಂದ ಸ್ಟೇನ್‌ಲೆಸ್ ಅಲ್ಲ ಅಂತ ಮಾತ್ರ ಹೇಳಬಹುದು. ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಸ್ಟೇನ್‌ಲೆಸ್ ಸ್ಟೀಲ್ ಮಾಡಿದ್ದು 1913ರಲ್ಲಿ. ಹಾಗಂತ ತುಕ್ಕು ಹಿಡಿಯೋದೆಲ್ಲ ಅದಕ್ಕಿಂತ ಹಳೇದು ಅಂತ ಅಲ್ಲ. ತೋಟದ ಕೆಲಸದ ಚಾಕುಗಳನ್ನ ಆಮೇಲೂ ಬಹಳ ಕಾಲ ಸಾದಾ ಉಕ್ಕಿನಲ್ಲೇ ಮಾಡಿದರು. ಅಂಚು ಚೆನ್ನಾಗಿ ಬರುತ್ತೆ, ಕಲ್ಲಿನ ಮೇಲೆ ಬೇಗ ಮಸೆಯಬಹುದು.

ಕಳಸದ ಕಾಫಿಪುಡಿ

ಹುಣಸೆಹಣ್ಣು ಹಾಕಿ ತಿಕ್ಕಿ ಮಾರಾಯ್ರೆ, ಹಿತ್ತಾಳೆ ಪಾತ್ರೆ ಹಾಗೆ ಫಳಫಳ ಆಗ್ತದೆ.

ಹಳೇ ಕಬ್ಬಿಣ (ಚಿಕ್ಕಮಗಳೂರು)

ಬೇಡ ಬೇಡ ಬೇಡ. ಹುಣಸೆಹಣ್ಣು, ನಿಂಬೆ, ವಿನೆಗರ್ ಎಲ್ಲ ಹುಳಿ. ಹಿತ್ತಾಳೆ ಹೊಳೆಯುತ್ತೆ ನಿಜ. ಆದರೆ ಸಾದಾ ಉಕ್ಕನ್ನ ಹುಳಿ ತಿನ್ನುತ್ತೆ, ಮೂಳೆಯನ್ನೂ ತಿನ್ನುತ್ತೆ. ಸ್ಪ್ರಿಂಗಿನ ಸಂದಿಗೆ ಹೋದ ಹುಳಿಯನ್ನ ಆಮೇಲೆ ಯಾರು ತೆಗೀತಾರೆ?

ಮೇಡಂ, ಎರಡು ಬಗೆ ಬಣ್ಣ ಬೇರೆ ಮಾಡಿ ನೋಡಿ. ಬೂದು, ನೀಲಿ, ಕಪ್ಪು ಕಲೆ ನುಣ್ಣಗಿದ್ದರೆ ಅದು ವರ್ಷಗಟ್ಟಲೆ ಬಳಸಿದ್ದರಿಂದ ಬಂದದ್ದು. ಅದರಿಂದ ಅಲಗಿಗೆ ತೊಂದರೆ ಇಲ್ಲ, ಬಿಡಿ. ಕೆಂಪು, ಒರಟು, ಬೆರಳಿಗೆ ಪುಡಿ ಹತ್ತೋದು ನಿಜವಾದ ತುಕ್ಕು. ಅದನ್ನ ಮಾತ್ರ ತೆಗೀಬೇಕು.

ಹೊಲಿಗೆ ಮೆಷಿನ್ ಎಣ್ಣೆ ಎರಡು ಹನಿ ಕೀಲಿನ ಜಾಗಕ್ಕೆ, ಅಲಗಿಗೆ ತೆಳ್ಳಗೆ. ಒಂದು ರಾತ್ರಿ ಬಿಡಿ. ಹತ್ತಿ ಬಟ್ಟೆಯಲ್ಲಿ ಒರೆಸಿ, ಸಂದಿಯಲ್ಲಿರೋ ಕೊಳೆ ಹಲ್ಲುಕಡ್ಡಿಯಿಂದ ಎಬ್ಬಿಸಿ. ಕಬ್ಬಿಣದ ಪಿನ್ನು ಬೇಡ. ಹೋಗದ ತುಕ್ಕಿಗೆ ಅತಿ ನುಣುಪಾದ ಸ್ಟೀಲ್ ವೂಲ್ ಸಿಗುತ್ತೆ, ನಾಲ್ಕು ಸೊನ್ನೆ ನಂಬರಿನದ್ದು. ಎಣ್ಣೆ ಜೊತೆ ಹಗುರವಾಗಿ ಉಜ್ಜಿ, ಅಕ್ಷರದ ಜಾಗ ಬಿಟ್ಟು. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಕಾಲ ಕಳೆದಂತೆ ಅಂಟಾಗುತ್ತೆ. ಮೂಳೆಗೆ ನೀರೂ ಬೇಡ, ಬಿಸಿಲೂ ಬೇಡ, ಬಿರುಕು ಬಿಡುತ್ತೆ.

ಆ ಚರ್ಮದ ಚೀಲದಿಂದ ಇವತ್ತೇ ಹೊರಗೆ ತೆಗೀರಿ. ಜೋಪಾನ ಅಂತ ಎಲ್ಲರೂ ಚರ್ಮದ ಚೀಲದಲ್ಲೇ ಇಡ್ತಾರೆ. ನಿಮ್ಮೂರ ಜುಲೈ ಮಳೆಯಲ್ಲಿ ಆ ಚರ್ಮ ತೇವ ಕುಡಿದು ಕೂರುತ್ತೆ. ಹದ ಮಾಡೋಕೆ ಹಾಕಿದ ರಾಸಾಯನಿಕ ಬೇರೆ ಅದರಲ್ಲಿ. ಅರ್ಧ ತುಕ್ಕು ಅಲ್ಲಿಂದಲೇ ಬಂದಿರುತ್ತೆ. ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತಲ್ಲ ಆ ಸಿಲಿಕಾ ಪೊಟ್ಟಣದ ಜೊತೆ ಇಡಿ. ಚೀಲವನ್ನ ಎಸೀಬೇಡಿ, ಬೇರೆ ಇಡಿ.

ಮಲ್ನಾಡ್ ಮಗಳು

ಪೌಡರ್ ಹಾಕಿ ನೋಡಿದೆ. ತಮ್ಮ ಟಾರ್ಚ್ ಹಿಡಿದ. ಬಂದದ್ದು ಹೀಗೆ:

ಮೇಲೆ ಕಿರೀಟ, ಎಡಗಡೆ ‘ಜಿ’, ಬಲಗಡೆ ‘ಆರ್’. ‘ಜಿ’ ಮೇಲೆ ಅನುಮಾನವೇ ಇಲ್ಲ, ಒಳಗಿನ ಅಡ್ಡ ಗೆರೆ ಕೂಡ ಕಾಣುತ್ತೆ. ರಾಡ್ಜರ್ಸ್‌ನಲ್ಲಿ ‘ಡಿ’ ಇದೆ. ಕೆಳಗೆ ‘ಹಿಸ್ ಮೆಜೆಸ್ಟಿ’. ಕೊನೇ ಸಾಲಿನಲ್ಲಿ ಶೆಫೀಲ್ಡ್. ಶಿಲುಬೆಯ ತೋಳು ಅಗಲವಾಗಿಯೇ ಇದೆ.

ನಾಲಿಗೆಯಲ್ಲಿ ಕಪ್ಪು ಚುಕ್ಕಿಗಳು ಬೇಕಾದಷ್ಟಿವೆ, ಎಳ್ಳು ಚೆಲ್ಲಿದ ಹಾಗೆ. ತುದಿಯಲ್ಲಿ ಕಮಾನು ಗೆರೆ ಇಲ್ಲ. ಹಿಡಿಯ ಗೀರು ಎರಡೂ ಬದಿ ಒಂದೇ ಓರೆ, ಒಂದೇ ಅಂತರ. ಉಬ್ಬಿದ ಕಡೆ ಬಿಳಿಚಿಕೊಂಡಿದೆ. ಅಂದರೆ ಎಲ್ಲಾ ಮೂಳೆ, ಅಲ್ವಾ?

ಹಳೇ ಕಬ್ಬಿಣ (ಚಿಕ್ಕಮಗಳೂರು)

ನೀವು ಹೇಳಿದ ಪ್ರಕಾರ ಎರಡೂ ಮೂಳೆ. ಅಸಲಿ ರಾಡ್ಜರ್ಸ್, ಜಾರ್ಜ್ ರಾಜರ ಕಾಲ. 1910ರಿಂದ 1952ರ ಒಳಗೆ. ಐದನೇ ಜಾರ್ಜೋ ಆರನೆಯವನೋ ಅಂತ ಆ ಎರಡು ಅಕ್ಷರ ಮಾತ್ರ ನೋಡಿ ಬೇರೆ ಮಾಡೋಕಾಗಲ್ಲ. ದೊಡ್ಡಪ್ಪನಿಗೆ ಹೇಳಿ, ಹೆಚ್ಚೆಂದರೆ ನೂರು ಚಿಲ್ಲರೆ ವರ್ಷ, ಕಮ್ಮಿ ಅಂದರೆ ಎಪ್ಪತ್ತರ ಮೇಲೆ.

ಅಲಗನ್ನ ತೆರೆದು ಮುಚ್ಚುವಾಗ ಟಕ್ ಅಂತ ಗಟ್ಟಿ ಸದ್ದು ಬರುತ್ತಾ? ಅರ್ಧದಲ್ಲಿ ಸಡಿಲ ಇದೆಯಾ?

ಹಾಸನದ ಕೋರ್ಟ್ ರಸ್ತೆ

ಮೂಳೆ ಅಂದರೆ ನನ್ನ ತಲೆನೋವು ಕಮ್ಮಿ ಆಯ್ತು. ಆದರೂ ಯಾರಿಗಾದರೂ ಕೊಡುವ, ಮಾರುವ ಯೋಚನೆ ಬಂದರೆ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ತೋರಿಸಿ. ಫೋಟೋ ನೋಡಿ ನಾವು ಹೇಳಿದ್ದು ದಾಖಲೆ ಆಗಲ್ಲ.

ಇನ್ನೊಂದು ಪ್ರಶ್ನೆ ಯಾರಾದರೂ ಕೇಳೇ ಕೇಳ್ತಾರೆ, ಈಗಲೇ ಹೇಳಿಬಿಡ್ತೀನಿ. ಇದಕ್ಕೆ ಲೈಸೆನ್ಸ್ ಬೇಡ. ಶಸ್ತ್ರಾಸ್ತ್ರ ನಿಯಮದಲ್ಲಿ ಬರೋದು ಒಂಬತ್ತು ಇಂಚಿಗಿಂತ ಉದ್ದದ, ಇಲ್ಲಾ ಎರಡು ಇಂಚಿಗಿಂತ ಅಗಲದ ಅಲಗು. ಅದರಲ್ಲೂ ಮನೆ, ಕೃಷಿ ಕೆಲಸಕ್ಕೆ ಅಂತಲೇ ಮಾಡಿದ್ದಕ್ಕೆ ವಿನಾಯಿತಿ ಇದೆ. ಹಾಗಂತ ಜಾತ್ರೆಗೆ ಜೇಬಲ್ಲಿ ಹಾಕ್ಕೊಂಡು ಹೋಗಬೇಡಿ. ವಿಮಾನದಲ್ಲಿ ಕೈಚೀಲಕ್ಕಂತೂ ಹಾಕಲೇಬೇಡಿ, ಅಲ್ಲೇ ಕಿತ್ತುಕೊಳ್ತಾರೆ.

ಮಲ್ನಾಡ್ ಮಗಳು

ಟಕ್ ಅನ್ನುತ್ತೆ, ಜೋರಾಗಿಯೇ. ಪೂರ್ತಿ ತೆರೆದಾಗ ಅಲಗು ಎಡಕ್ಕೆ ಬಲಕ್ಕೆ ಒಂಚೂರು ಅಲ್ಲಾಡುತ್ತೆ.

ಕಿತ್ತಳೆ ವಿಚಾರ ಚಿಕ್ಕಮ್ಮನನ್ನ ಕೇಳಿದೆ. ಅವರು ಚಿಕ್ಕಂದಿನಲ್ಲಿ ತೋಟದ ಲೈನ್ (ಕೂಲಿಯವರ ಸಾಲು ಮನೆ) ಪಕ್ಕದ ಮನೇಲೇ ಇದ್ದವರು. ಬಂಗಲೆ ಗುಲಾಬಿ ಅವರಿಗೆ ನೆನಪಿಲ್ಲ. ಆದರೆ ಚಿಕ್ಕಜ್ಜ ಮನೆ ಹಿಂದೆ ಹುಳಿ ನಿಂಬೆ ಸಸಿ ಸಾಲಾಗಿ ಬೆಳೆಸ್ತಿದ್ದರಂತೆ, ‘ಯಾತಕ್ಕೆ ಇಷ್ಟು ಹುಳಿ ಹಣ್ಣು’ ಅಂತ ಚಿಕ್ಕಜ್ಜಿ ಬೈಯ್ಯೋರಂತೆ. ಆಮೇಲೆ ಅದೇ ಗಿಡದಲ್ಲಿ ಸಿಹಿ ಕಿತ್ತಳೆ ಬಂತು ಅಂತ ಊರೋರು ನೋಡೋಕೆ ಬರ್ತಿದ್ದರಂತೆ. ಚಾಕು ಯಾರು ಕೊಟ್ಟರು ಅಂತ ಅವರಿಗೂ ಗೊತ್ತಿಲ್ಲ.

ಮೂಡಿಗೆರೆ ಮೆಣಸು

ಬಂತು ನೋಡಿ! ಆ ಹುಳಿ ನಿಂಬೆ ಬುಡದ ಗಿಡ. ಬಹುಶಃ ರಂಗ್‌ಪುರ ನಿಂಬೆ, ಈಗಲೂ ಕಿತ್ತಳೆ, ಮೋಸಂಬಿಗೆ ಅದೇ ಬುಡ ಬಳಸ್ತಾರೆ. ಬೇರು ಗಟ್ಟಿ. ಅದರ ಮೇಲೆ ಕಿತ್ತಳೆ ಕಣ್ಣು ಕೂರಿಸಿದ್ದಾರೆ. ನಮ್ಮ ಕಡೆ ಕಾಫಿ ನಡುವಿನ ಕಿತ್ತಳೆ ಬಹುಪಾಲು ಬೀಜದ ಗಿಡವೇ ಆಗಿತ್ತು. ಆ ಕಾಲದಲ್ಲಿ ಒಬ್ಬ ರೈಟರ್ ತಾನೇ ಕುಳಿತು ಕಣ್ಣು ಕಸಿ ಮಾಡಿದ್ದಾರೆ ಅಂದರೆ ಆಸಾಮಿ ಸಾಮಾನ್ಯದವರಲ್ಲ. ಹುಲಿ ಕಥೆಗಿಂತ ನನಗೆ ಇದೇ ಇಷ್ಟ ಆಯ್ತು.

ಆ ಮಳೆ ನೋಟ್‌ಬುಕ್ ಇದೆ ಅಂದಿರಲ್ಲ, ಅದರಲ್ಲಿ ಹಿಂದಿನ ಪುಟ ನೋಡಿ. ಕಸಿ ಮಾಡೋರು ಯಾವತ್ತು ಕಟ್ಟಿದೆ, ಎಷ್ಟು ಹಿಡೀತು ಅಂತ ಬರೆದಿಡೋ ಅಭ್ಯಾಸ ಇರುತ್ತೆ.

ಕಡೂರು ಮೇಷ್ಟ್ರು

ದೊರೆ ಕೊಟ್ಟದ್ದು ಅನ್ನೋದನ್ನ ಪೂರ್ತಿ ತಳ್ಳಿಹಾಕೋದೂ ಬೇಡ. 1947ರ ಆಸುಪಾಸಿನಲ್ಲಿ, ಅದರ ನಂತರದ ವರ್ಷಗಳಲ್ಲಿ ಎಷ್ಟೋ ತೋಟಗಳು ಕೈ ಬದಲಾದವು. ಹೊರಟೋರು ಕೈಯಲ್ಲಿದ್ದ ಸಾಮಾನು ಬಿಟ್ಟು, ಕೊಟ್ಟು ಹೋದದ್ದು ಉಂಟು. ಚಾಕುವಿನ ಕಾಲ ಅದಕ್ಕೆ ಹೊಂದುತ್ತೆ. ಆದರೆ ದುಡ್ಡು ಕೊಟ್ಟು ಕೊಂಡಿರಲೂಬಹುದು. ರಾಡ್ಜರ್ಸ್ ಚಾಕು ಇಂಡಿಯಾದ ಪೇಟೆಗಳಲ್ಲಿ ಸಿಗ್ತಿದ್ದ ಮಾಲೇ. ಟ್ರಂಕಿನಲ್ಲಿ ಹಳೇ ರಸೀದಿ, ಅಂಗಡಿಯ ಕ್ಯಾಟಲಾಗ್ ತುಂಡು ಏನಾದರೂ ಇದೆಯಾ ಹುಡುಕಿ. ಮನೆಯ ಮಾತು ಒಂದು ಕಡೆ ಬರೆದಿಡಿ, ಚಾಕು ಹೇಳೋದನ್ನ ಇನ್ನೊಂದು ಕಡೆ.

ಹಳೇ ಕಬ್ಬಿಣ (ಚಿಕ್ಕಮಗಳೂರು)

ಅಲ್ಲಾಡೋದಕ್ಕೆ: ಕೀಲಿನ ರಿವೆಟ್ ಸವೆದಿರುತ್ತೆ. ಕೆಲವರು ಸುತ್ತಿಗೆಯಲ್ಲಿ ಒಂದು ಏಟು ಹಾಕಿ ಬಿಗಿ ಮಾಡಿ ಅಂತಾರೆ. ಏಟು ಸ್ವಲ್ಪ ಆಚೆ ಬಿದ್ದರೆ ಮೂಳೆ ಹಿಡಿ ಎರಡು ಹೋಳು. ಒಂಚೂರು ಅಲ್ಲಾಡಿದರೆ ಏನೂ ಆಗಲ್ಲ, ಹಾಗೇ ಬಿಡಿ. ಬಳಸೋ ಆಸೆ ಇದ್ದರೆ ಅಂಚನ್ನ ನುಣುಪು ಕಲ್ಲಿನ ಮೇಲೆ ಕೈಯಲ್ಲೇ ಮಸೆಯಿರಿ. ಕಸಿ ಚಾಕುಗಳಲ್ಲಿ ಒಂದೇ ಬದಿ ಇಳಿಜಾರು ಇರೋದೂ ಉಂಟು. ನಿಮ್ಮದು ಹೇಗಿದೆ ಅಂತ ನೋಡಿಕೊಂಡು, ಇರುವ ಓರೆಯಲ್ಲೇ ಮಸೆಯಬೇಕು.

ಮೂಡಿಗೆರೆ ಮೆಣಸು

ಬಳಸಿ ಮೇಡಂ, ಸುಮ್ನೆ ಡಬ್ಬಿಲಿ ಯಾಕೆ ಇಡ್ತೀರಿ. ಗುಲಾಬಿ ಮೇಲೆ ಕಲೀರಿ, ಅದು ಬೇಗ ಹಿಡಿಯುತ್ತೆ. ತೊಗಟೆ ಸಲೀಸಾಗಿ ಬಿಟ್ಟುಕೊಳ್ತಾ ಇರಬೇಕು, ಬಿಗಿ ಇದ್ದರೆ ಅವತ್ತು ಕೈ ಹಾಕಬೇಡಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನ ಸ್ಪಿರಿಟ್‌ನಲ್ಲಿ ಒರೆಸಿ, ಕಿತ್ತಳೆಯ ರೋಗಗಳು ಕಣ್ಣಿನ ಜೊತೆ, ಕೆಲವು ಚಾಕುವಿನ ಜೊತೆ ಸಾಗ್ತವೆ. ಕೆಲಸ ಮುಗಿದ ಮೇಲೆ ಒಣಗಿಸಿ ಎಣ್ಣೆ.

ಮಲ್ನಾಡ್ ಮಗಳು

ನೋಟ್‌ಬುಕ್ ಹಿಂದಿನ ಪುಟಗಳಲ್ಲಿ ಇಂಗ್ಲಿಷ್ ತಿಂಗಳ ಹೆಸರು, ಪಕ್ಕದಲ್ಲಿ ‘ಕ.’ ಅಂತ ಬರೆದು ಅಂಕಿ, ಅದರ ಮುಂದೆ ಇನ್ನೊಂದು ಅಂಕಿ ಇದೆ. ನಾನು ಇಷ್ಟು ದಿನ ಮಳೆ ಸೆಂಟ್ಸ್ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕ ಅಂದುಕೊಂಡಿದ್ದೆ. ಮೆಣಸಣ್ಣ, ಆ ಪುಟಗಳ ಫೋಟೋ ಕಳಿಸ್ತೀನಿ, ನೋಡಿ ಹೇಳಿ. ರಸೀದಿ ಸಿಕ್ಕಿಲ್ಲ, ಅಟ್ಟದ ಮೇಲೆ ಇನ್ನೊಂದು ಪೆಟ್ಟಿಗೆ ಇದೆಯಂತೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾವ ಮಾತ್ರ ಹುಲಿ ಬಿಟ್ಟುಕೊಡೋಕೆ ತಯಾರಿಲ್ಲ.

ಆಲೂರು ಹುಡುಗ

ಈಗಷ್ಟೇ ಓದಿದೆ. ನಮ್ಮಜ್ಜಿ ಎಲೆ ಅಡಿಕೆ ಪೆಟ್ಟಿಗೇಲಿ ಒಂದು ಸಣ್ಣ ಚಾಕು ಇದೆ. ತಗಡಿನ ಹಿಡಿ, ಮೇಲೆ ಬೆಕ್ಕಿನ ಚಿತ್ರ. ಇದು ಇಂಗ್ಲೆಂಡಿಂದಾ?

ಹಳೇ ಕಬ್ಬಿಣ (ಚಿಕ್ಕಮಗಳೂರು)

ಬೆಕ್ಕಿನ ಆಚೀಚೆ ‘ಕೆ’ ಅಕ್ಷರ, 55 ಅಂಕಿ ಇದ್ದರೆ ಜರ್ಮನಿಯ ಸೋಲಿಂಗನ್ ಊರಿನದ್ದು. ಅಜ್ಜಿ ಹತ್ತಿರ ಕೇಳಿ ಫೋಟೋ ತೆಗೆದು ಬೇರೆ ಚರ್ಚೆ ಶುರು ಮಾಡು ಮಾರಾಯ, ಇಲ್ಲಿ ಎರಡೂ ಕಲಸಿಹೋಗುತ್ತೆ.